ಚೈನು ಕೊಂಡರೆ ಆಯಿತೇ, ಕಟ್ಟಲು ಬರಬೇಡವೇ?

ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನಲ್ಲಿ ಬರೆದದ್ದು. ಅರ್ಧ ಸಿಟ್ಟು ನನ್ನ ಮೇಲೆಯೇ.

ಥಾಣೆಯಲ್ಲಿರುವ ನನ್ನ ಅಕ್ಕನ ಮಗ ಕೇಟರಿಂಗ್ ಮಾಡುತ್ತಾನೆ. ಕಳೆದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ. ಮುಂದೆ ಐದು ಜನ ಕೂರಬಹುದು, ಹಿಂದೆ ತೆರೆದ ತೊಟ್ಟಿ. ವಾರವಿಡೀ ಇಡ್ಲಿ ಪಾತ್ರೆ, ಗ್ಯಾಸ್ ಒಲೆ ಹೊರುವ ಗಾಡಿ, ಭಾನುವಾರ ಸಂಸಾರದ ಸವಾರಿ. ಎತ್ತರದ ಗಾಡಿ, ದಪ್ಪ ದಪ್ಪ ಟಯರು. ಬಿಲ್ಡಿಂಗಿನ ಹುಡುಗರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ಅಲ್ಲಿಗೆ ಇವನ ತಲೆಗೆ ಏರಿತು ನೋಡಿ, "ಮಾವಾ, ಡಿಸೆಂಬರಿನಲ್ಲಿ ಮನಾಲಿಗೆ ಇದರಲ್ಲೇ ಹೋಗ್ತೇವೆ. ಹಿಮದಲ್ಲಿ ಓಡಿಸ್ಬೇಕು" ಅಂದ.

ಹೋಗಬೇಡ ಅನ್ನಬೇಕಿತ್ತು ನಾನು. ಅದು ಬಿಟ್ಟು ಮಾಡಿದ್ದೇನು? ಹುಟ್ಟುಹಬ್ಬದ ಉಡುಗೊರೆ ಅಂತ ಹಿಮದ ಚೈನು ತರಿಸಿಕೊಟ್ಟೆ! ಮೊಬೈಲಿನಲ್ಲಿ ನೋಡಿ, "ಯೂನಿವರ್ಸಲ್, ಎಲ್ಲ ಗಾಡಿಗೂ ಆಗುತ್ತದೆ" ಅಂತ ಬರೆದಿದ್ದನ್ನು ನಂಬಿ, ಬಟನ್ ಒತ್ತಿದೆ. ಮೂರನೇ ದಿನ ಡೊಂಬಿವಲಿಯ ನಮ್ಮ ಬಾಗಿಲಿಗೇ ಬಂತು. ಕಬ್ಬಿಣದ್ದಲ್ಲ, ಪ್ಲಾಸ್ಟಿಕ್ಕಿನ ಪಟ್ಟಿಗಳು. ಒಂದೊಂದು ಚಕ್ರಕ್ಕೆ ನಾಲ್ಕೋ ಐದೋ ಕಟ್ಟಿ ಬಿಗಿದರೆ ಮುಗಿಯಿತಂತೆ. ಹಗುರ, ಚೀಲವೂ ಚಂದ. ನನಗೂ ಏನೋ ಹೆಮ್ಮೆ.

ನಾಲ್ಕು ದಶಕ ಮುಂಬಯಿಯಲ್ಲಿ ಕಳೆದವನಿಗೆ ಹಿಮದ ಬಗ್ಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಆದರೆ ಚೈನಿನ ಬಗ್ಗೆ ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ನಮ್ಮೂರು ಕಳಸದ ಕಡೆ. ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೆ ಚೈನು ಕಟ್ಟುವುದನ್ನು ನೋಡುತ್ತಲೇ ಬೆಳೆದವನು ನಾನು. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಜೂನ್ ಬಂತೆಂದರೆ ಎಸ್ಟೇಟಿನ ಮಣ್ಣು ರಸ್ತೆಗಳು ಬೆಣ್ಣೆಯಾಗುತ್ತವೆ. ಆಗ ಜೀಪಿನವರು ಗೋಣಿಚೀಲದಲ್ಲಿಟ್ಟಿದ್ದ ಕಬ್ಬಿಣದ ಚೈನು ತೆಗೆದು ಚಕ್ರಕ್ಕೆ ಬಿಗಿಯುತ್ತಾರೆ. ಕೆಸರಿನಲ್ಲಿ ಚೈನಿನ ಕೊಂಡಿಗಳು ಹಲ್ಲಿನ ಹಾಗೆ ಕಚ್ಚುತ್ತವೆ, ಹತ್ತು ಹನ್ನೆರಡು ಜನ ತುಂಬಿಕೊಂಡ ಜೀಪು ಗೊರಗೊರ ಅಂತ ಏರುತ್ತದೆ. ಕೆಸರಿಗೂ ಹಿಮಕ್ಕೂ ತತ್ವ ಒಂದೇ. 1904ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬವನು ಟಯರಿನ ಚೈನಿಗೆ ಪೇಟೆಂಟ್ ಪಡೆದದ್ದೂ, ಕೆಸರು ಹಿಮಗಳಲ್ಲಿ ಜನ ಚಕ್ರಕ್ಕೆ ಹಗ್ಗ ಸುತ್ತಿಕೊಳ್ಳುವುದನ್ನು ನೋಡಿಯೇ.

ನಾವು ಮಕ್ಕಳು ಜೀಪಿನಣ್ಣ ಅಂತ ಕರೆಯುತ್ತಿದ್ದ ಡ್ರೈವರ್ ಒಬ್ಬರಿದ್ದರು. ಅವರು ಚೈನು ಕಟ್ಟುತ್ತಿದ್ದದ್ದು ಏರು ಶುರುವಾಗುವ ಮೊದಲು, ಸಮತಟ್ಟು ಜಾಗದಲ್ಲಿ. ಸಿಕ್ಕಿಬಿದ್ದ ಮೇಲಲ್ಲ. ನೆಲದ ಮೇಲೆ ಚೈನು ಹರಡಿ, ತಿರುಚಿದ ಕೊಂಡಿ ಒಂದೊಂದನ್ನೂ ಬಿಡಿಸಿ, ಆಮೇಲೆ ಚಕ್ರದ ಮೇಲೆ ಹೊದಿಸುವುದು. ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದ್ದು ಆಮೇಲೆ. ನೂರು ಮಾರು ಓಡಿಸಿ, ಇಳಿದು, ಮತ್ತೆ ಬಿಗಿಯುವುದು. ಟಾರು ರಸ್ತೆ ಸಿಕ್ಕಿತೋ, ಮಳೆ ಹೊಯ್ಯುತ್ತಿದ್ದರೂ ಇಳಿದು ಬಿಚ್ಚುವುದು. ಬಿಚ್ಚದೆ ಟಾರಿನ ಮೇಲೆ ಓಡಿಸಿದವನಿಗೆ "ರಸ್ತೆ ನಿನ್ನ ಅಪ್ಪನದ್ದಾ" ಅಂತ ಊರವರೇ ಕೇಳುತ್ತಿದ್ದರು. ಇಷ್ಟೆಲ್ಲ ಕಣ್ಣಾರೆ ಕಂಡ ನಾನು ಪ್ಲಾಸ್ಟಿಕ್ ಪಟ್ಟಿ ತರಿಸಿಕೊಟ್ಟೆ. ಪೇಟೆಯಲ್ಲಿ ಕೂತರೆ ಕಂಡದ್ದೂ ಮರೆತುಹೋಗುತ್ತದೆ ಅನ್ನಿ.

ಆಮೇಲಿನದ್ದು ಕೇಳಿ. ಮುಂಬಯಿಯಿಂದ ಮನಾಲಿಗೆ ಹೆಚ್ಚುಕಡಿಮೆ ಎರಡು ಸಾವಿರ ಕಿಲೋಮೀಟರ್. ಗಂಡ, ಹೆಂಡತಿ, ಆರು ವರ್ಷದ ಮಗಳು ಸುಖವಾಗಿಯೇ ತಲುಪಿದರು. ಮಾರನೇ ದಿನ ಸೋಲಂಗ್ ದಾಟಿ ಅಟಲ್ ಸುರಂಗದ ಕಡೆ ಹೊರಟರು. ಹಿಮ ಬಿದ್ದಾಗ ಅಲ್ಲಿ 4x4 ಗಾಡಿ ಅಥವಾ ಚೈನು ಇರುವ ಗಾಡಿಗಳನ್ನಷ್ಟೇ ಮೇಲೆ ಬಿಡುವುದುಂಟು. ನಮ್ಮವನು ಚೀಲ ಎತ್ತಿ ತೋರಿಸಿದ. ಹೌದು, ಚೈನು "ಇತ್ತು". ಚೀಲದಲ್ಲಿತ್ತು!

ಒಂದು ತಿರುವಿನ ಏರಿನಲ್ಲಿ ಹಿಂದಿನ ಚಕ್ರ ಗಿರಗಿರ ತಿರುಗಿತು, ಗಾಡಿ ಮುಂದೆ ಹೋಗಲೊಲ್ಲದು. ಅಲ್ಲೇ ಇಳಿದು, ಮರಗಟ್ಟಿದ ಬೆರಳಿನಲ್ಲಿ ಪಟ್ಟಿ ಕಟ್ಟಿದ. ಮೊದಲ ಸಲ ಕಟ್ಟುತ್ತಿದ್ದದ್ದು, ನೆನಪಿಡಿ. ಗ್ಯಾಸ್ ಕೊಟ್ಟ. ಬಲಗಡೆಯ ಎರಡು ಪಟ್ಟಿ ಫಟ್ ಅಂತ ತುಂಡಾದವು. ಗಾಡಿ ಅಡ್ಡ ತಿರುಗಿ ಹಿಂದಕ್ಕೆ ಜಾರತೊಡಗಿತು. ಬ್ರೇಕು ಒತ್ತಿದರೂ ಜಾರುತ್ತಿತ್ತಂತೆ, ನಿಧಾನವಾಗಿ, ಸದ್ದೇ ಇಲ್ಲದೆ. ಗುಡ್ಡದ ಬದಿಯಲ್ಲಿ ರಾಶಿ ಹಾಕಿದ್ದ ಹಿಮಕ್ಕೆ ಹಿಂಬದಿ ತಾಗಿ ನಿಂತಿತು. ಇನ್ನೊಂದು ಬದಿಗೆ ಜಾರಿದ್ದರೆ ಏನಿತ್ತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಿಂದೆ ಬಂದ ಲೋಕಲ್ ಆಲ್ಟೋ ಟ್ಯಾಕ್ಸಿಯವನು ಹೆಂಡತಿ ಮಗಳನ್ನು ಕೂರಿಸಿಕೊಂಡು ಕೆಳಗಿಳಿಸಿದ. ನಮ್ಮವನು ಸಂಜೆಯವರೆಗೂ ಕಾದು ಹಿಮ ತೆಗೆಯುವ ಯಂತ್ರದವರಿಂದ ಎಳೆಸಿಕೊಂಡ. ಆ ಮಗು ಈಗಲೂ ಘೋಡ್‌ಬಂದರ್ ರಸ್ತೆಯ ಏರು ಬಂದರೆ ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ.

ಇವನೊಬ್ಬನೇ ಅಲ್ಲ. 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸಾವಿರದಷ್ಟು ವಾಹನ ಸಿಕ್ಕಿಬಿದ್ದದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಆ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲಿಗೆ ದಾರಿ ಸಿಕ್ಕಿತು. ಲಾಹೌಲಿನವರಿಗೆ ಅದು ಆಸ್ಪತ್ರೆಗೆ ಹೋಗುವ ದಾರಿ. ನಾವು ಅದನ್ನು ರೀಲ್ಸ್ ಮಾಡುವ ದಾರಿ ಮಾಡಿಕೊಂಡೆವು. ನಮ್ಮ ಗಾಡಿ ಅಡ್ಡ ನಿಂತರೆ ಹಿಂದೆ ಬರುವ ಬಸ್ಸೂ ನಿಲ್ಲುತ್ತದೆ, ಆಂಬುಲೆನ್ಸೂ ನಿಲ್ಲುತ್ತದೆ. "ನನ್ನ ಗಾಡಿ, ನನ್ನ ಜೀವ, ನಿಮಗೇನು" ಅನ್ನುವವರಿಗೆ ನನ್ನ ಉತ್ತರ ಇಷ್ಟೇ, ಅದು ಜಾರುವ ರಸ್ತೆ ಸ್ವಾಮೀ, ನಿಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಅಲ್ಲ.

ವಾಪಸು ಬಂದ ಮೇಲೆ ಇವನ ಪ್ರಶ್ನೆ, "ಮಾವಾ, ಅಷ್ಟು ಸಣ್ಣ ಆಲ್ಟೋ ಏರಿತು, ನನ್ನ ಇಷ್ಟು ದೊಡ್ಡ ಗಾಡಿ ಯಾಕೆ ಏರಲಿಲ್ಲ?" ನಮ್ಮ ಪಿಕಪ್ ಪ್ರೇಮಿಗಳೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಆಲ್ಟೋದಲ್ಲಿ ಎಂಜಿನ್ ಮುಂದೆ, ತಿರುಗುವ ಚಕ್ರವೂ ಮುಂದಿನದ್ದೇ. ಎಂಜಿನ್ನಿನ ಭಾರವೆಲ್ಲ ಆ ಚಕ್ರದ ಮೇಲೇ ಕೂತು ಒತ್ತುತ್ತದೆ. ಪಿಕಪ್ಪಿನಲ್ಲಿ ಎಂಜಿನ್ ಮುಂದೆ, ತಿರುಗುವುದು ಹಿಂದಿನ ಚಕ್ರ, ಅದರ ಮೇಲೆ ಖಾಲಿ ತೊಟ್ಟಿ. ಒತ್ತುವವರೇ ಇಲ್ಲ! ಇಡ್ಲಿ ಪಾತ್ರೆ ತುಂಬಿದಾಗ ಗಟ್ಟಿಯಾಗಿ ನಿಲ್ಲುವ ಗಾಡಿ ಖಾಲಿಯಿದ್ದಾಗ ಬಾಲ ಅಲ್ಲಾಡಿಸುತ್ತದೆ. ನಮ್ಮ ಮುಂಬಯಿಯ ಮೊದಲ ಮಳೆಗೆ, ಎಣ್ಣೆ ಧೂಳು ಕಲಸಿದ ರಸ್ತೆಯಲ್ಲಿ, ಖಾಲಿ ಟೆಂಪೋಗಳು ಹೇಗೆ ಸೊಂಟ ತಿರುಗಿಸುತ್ತವೆ ನೋಡಿಲ್ಲವೇ? ಹಿಮದ ನಾಡಿನಲ್ಲಿ ಪಿಕಪ್ ಇಟ್ಟುಕೊಂಡವರು ಅದಕ್ಕೇ ಹಿಂದಿನ ಆಕ್ಸಲಿನ ನೇರ ಮೇಲೆ ಮರಳಿನ ಚೀಲ ಇಟ್ಟು, ಅಲ್ಲಾಡದಂತೆ ಕಟ್ಟುತ್ತಾರೆ. ಕಟ್ಟದೆ ಇಟ್ಟರೆ ಬ್ರೇಕು ಹಾಕಿದಾಗ ಆ ಚೀಲವೇ ಮುಂದಕ್ಕೆ ಬಂದು ಕ್ಯಾಬಿನ್ನಿಗೆ ಗುದ್ದುತ್ತದೆ.

ಇನ್ನೊಂದು ಮೋಸ ಇದೆ, ಮೋಸ ಅಂದರೆ ನಾವೇ ಮಾಡಿಕೊಳ್ಳುವುದು. ಪಿಕಪ್ ಎಂದಾಕ್ಷಣ 4x4 ಅಂದುಕೊಳ್ಳುವುದು. ಅದೇ ರೂಪದ, ಅದೇ ಎತ್ತರದ ಗಾಡಿ 4x2 ಆಗಿಯೂ ಬರುತ್ತದೆ. ಹೊರಗಿನಿಂದ ನೋಡಿದರೆ ಒಂದು ಸ್ಟಿಕ್ಕರಿನ ವ್ಯತ್ಯಾಸ. ನಮ್ಮವನದ್ದು 4x2, ಅದೂ ಅವನಿಗೆ ಸರಿಯಾಗಿ ಗೊತ್ತಾದದ್ದು ಮನಾಲಿಯಲ್ಲಿ! ಗೊತ್ತಿಲ್ಲದಿದ್ದರೆ ಚೈನು ಯಾವ ಚಕ್ರಕ್ಕೆ ಕಟ್ಟುತ್ತೀರಿ? ಎಂಜಿನ್ ತಿರುಗಿಸುವ ಚಕ್ರಕ್ಕೆ ಕಟ್ಟಬೇಕು. 4x2 ಪಿಕಪ್ಪಿಗೆ ಅದು ಹಿಂದಿನ ಜೋಡಿ. ಆದರೆ ಹಿಂದೆ ಮಾತ್ರ ಕಟ್ಟಿದಾಗ ಸ್ಟೀರಿಂಗ್ ಇರುವ ಮುಂದಿನ ಚಕ್ರಕ್ಕೆ ಹಿಡಿತ ಇರುವುದಿಲ್ಲ ಎಂಬುದು ನೆನಪಿರಲಿ. ಏರುವಾಗ ಏರುತ್ತೀರಿ, ಇಳಿಯುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. 4x4 ಆದರೆ ನಾಲ್ಕಕ್ಕೂ ಕಟ್ಟುವುದು ಉತ್ತಮ. ಒಂದೇ ಜೋಡಿ ಇದ್ದರೆ ಎಲ್ಲಿಗೆ ಎಂಬುದನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕ ಹೇಳುತ್ತದೆ. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರೂ ಹರಿಯದೆ ಇರುತ್ತದಲ್ಲ, ಅದೇ ಪುಸ್ತಕ.

ಇನ್ನು ಈ "ಯೂನಿವರ್ಸಲ್" ಎಂಬ ಶಬ್ದ. ಚಪ್ಪಲಿ ಅಂಗಡಿಯಲ್ಲಿ ಎಲ್ಲ ಕಾಲಿಗೂ ಆಗುವ ಚಪ್ಪಲಿ ಕೊಡುತ್ತೇನೆ ಅಂದರೆ ಕೊಳ್ಳುತ್ತೀರಾ? ಟಯರಿನ ಮೈಮೇಲೆ ನಂಬರ್ ಇರುತ್ತದೆ. ಉದಾಹರಣೆಗೆ 235/75 R 15 ಅಂತ. ಅಗಲ 235 ಮಿ.ಮೀ., ಎತ್ತರ ಅಗಲದ ನೂರಕ್ಕೆ 75, ಒಳಗಿನ ರಿಮ್ 15 ಇಂಚು. ಈ ಮೂರೂ ಹೊಂದಿದ ಚೈನೇ ಬೇಕು. ಸಡಿಲ ಆದರೆ ಬಿಚ್ಚಿಕೊಂಡು ಒಳಗಿನ ಬ್ರೇಕಿನ ಪೈಪಿಗೆ, ಎಬಿಎಸ್ ವಯರಿಗೆ ಚಾವಟಿಯ ಹಾಗೆ ಹೊಡೆಯುತ್ತದೆ. ಬಿಗಿ ಆದರೆ ಕೊಕ್ಕೆಯೇ ಕೂಡುವುದಿಲ್ಲ (ಗಾಳಿ ಇಳಿಸಿ ಕೂಡಿಸುವ ಜಾಣತನ ಬೇಡ). ಮತ್ತೆ ನಮ್ಮ ಗ್ಯಾರೇಜುಗಳಲ್ಲಿ ಕಂಪನಿ ಟಯರು ಕಿತ್ತು ದಪ್ಪ ಟಯರು ಹಾಕಿಸುವ ಚಟ ಇದೆಯಲ್ಲ, ಅದರಿಂದ ಎರಡು ತೊಂದರೆ. ಪುಸ್ತಕದಲ್ಲಿರುವ ಅಳತೆ ಸುಳ್ಳಾಗುತ್ತದೆ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಉಳಿಯುವುದಿಲ್ಲ, ಚೈನು ಎಲ್ಲಿ ತಿರುಗಬೇಕು? ನಮ್ಮವನ ಗಾಡಿಯಲ್ಲಿ ಅಳೆದು ನೋಡಿದೆ. ಸರಿಯಾದ ಕಬ್ಬಿಣದ ಚೈನು ಕೊಡಿಸಿದ್ದರೂ ಅದಕ್ಕೆ ಕೂರುತ್ತಿರಲಿಲ್ಲ.

ಕಬ್ಬಿಣದ್ದರಲ್ಲೂ ಎರಡು ಬಗೆ. ಏಣಿಯ ಹಾಗೆ ಅಡ್ಡ ಮೆಟ್ಟಿಲುಗಳಿರುವುದು ಒಂದು. ಜೀಪಿನಣ್ಣನದ್ದು ಅದೇ. ಗಟ್ಟಿ, ಕೆಸರಿಗೆ ಚೆನ್ನ, ಆದರೆ ಎರಡು ಮೆಟ್ಟಿಲ ನಡುವೆ ಬರೀ ಟಯರೇ ನೆಲಕ್ಕೆ ತಾಗುವುದರಿಂದ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಇನ್ನೊಂದು ಬಲೆಯ ಹಾಗೆ ಓರೆ ಚೌಕಗಳಿರುವುದು. ಯಾವಾಗಲೂ ಒಂದಲ್ಲ ಒಂದು ಕೊಂಡಿ ನೆಲಕ್ಕೆ ತಾಗುತ್ತಲೇ ಇರುತ್ತದೆ. ತಿರುವು ತುಂಬಿದ ಬೆಟ್ಟದ ರಸ್ತೆಗೆ ನಾನಾದರೆ ಎರಡನೆಯದನ್ನೇ ಕೊಳ್ಳುತ್ತೇನೆ. ಬಟ್ಟೆಯ ಕವಚವೂ ಸಿಗುತ್ತದೆ, ಚಕ್ರಕ್ಕೆ ಕಾಲುಚೀಲ ತೊಡಿಸಿದ ಹಾಗೆ. ಹೊಸ ಹಿಮಕ್ಕೆ ಪರವಾಗಿಲ್ಲ, ಟಾರು ತಾಗಿದರೆ ಬೇಗ ಹರಿಯುತ್ತದೆ. ನಾನು ಕೊಡಿಸಿದ ಪ್ಲಾಸ್ಟಿಕ್ ಪಟ್ಟಿಗಳು ಹೊಂಡದಲ್ಲಿ ಕೂತ ಕಾರನ್ನು ಹತ್ತು ಅಡಿ ಈಚೆ ತರಲಿಕ್ಕೆ ಸಾಕು. ಅದನ್ನು ಕಟ್ಟಿಕೊಂಡು ಘಾಟಿ ಏರಲು ಹೊರಡುವುದು... ಇರಲಿ, ಮತ್ತೆ ನನ್ನನ್ನೇ ಬೈದುಕೊಳ್ಳಬೇಕಾಗುತ್ತದೆ.

ಮುಂಬಯಿಯಲ್ಲಿ ಹಿಮದ ಚೈನು ನೋಡಿ ಕೊಳ್ಳುವುದು ಸುಲಭವಲ್ಲ. ಕುರ್ಲಾದ ಸಿ.ಎಸ್.ಟಿ. ರೋಡಿನ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಒಬ್ಬ ಕೆಟ್ಟ ಗಾಡಿ ಎಳೆಯುವ ಚೈನು ತೋರಿಸಿದ. ಇನ್ನೊಬ್ಬ ಟೈಮಿಂಗ್ ಚೈನು ತಂದಿಟ್ಟ. ಮೂರನೆಯವನು "ಕಾಕಾ, ಮುಂಬಯಿಯಲ್ಲಿ ಹಿಮ ಎಲ್ಲಿದೆ?" ಅಂತ ನಕ್ಕು ಚಹಾ ಕುಡಿಸಿ ಕಳಿಸಿದ. ತಮಾಷೆಗೆ ಹೇಳಿದರೂ ಅವನು ಹೇಳಿದ್ದು ಸರಿಯಾಗೇ ಇದೆ. ಹಿಮ ಇರುವಲ್ಲಿ, ಚಕ್ರದ ನಂಬರ್ ತೋರಿಸಿ, ಕೈಯಲ್ಲಿ ಹಿಡಿದು ನೋಡಿ, ಅವರ ಹತ್ತಿರವೇ ಒಂದು ಸಲ ಕಟ್ಟಿಸಿಕೊಂಡು ಕೊಳ್ಳುವುದೇ ಸರಿ. ಇಲ್ಲಿಂದಲೇ ಒಯ್ಯುವುದಾದರೆ ಮೊದಲು ಇಲ್ಲೇ, ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಒಂದು ಸಲ ಅಲ್ಲ, ಮೂರು ಸಲ. ಒಂದು ಸಲ ಕತ್ತಲೆಯಲ್ಲಿ, ಕೈಗವಸು ಹಾಕಿಕೊಂಡು.

ಓಡಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೈನು ತಯಾರಿಸುವವರು ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ. ದಾಟಬೇಡಿ ಅನ್ನುತ್ತಾರೆ, ಬೆಟ್ಟದಲ್ಲಿ 30 ಸಾಕು. ಚಕ್ರ ನಿಂತಲ್ಲೇ ಗಿರಗಿರ ತಿರುಗುವಂತೆ ಗ್ಯಾಸ್ ಕೊಟ್ಟರೆ ಕಬ್ಬಿಣದ ಚೈನೂ ತುಂಡಾಗುತ್ತದೆ. ಇಳಿಯುವಾಗ ಸಣ್ಣ ಗೇರು, ಎಂಜಿನ್ನೇ ತಡೆಯಲಿ. ಮುಂದಿನ ಗಾಡಿಯಿಂದ ದೂರ ಇರಿ, ಇನ್ನೂ ದೂರ. ನಮಗೆ ಮುಂಬಯಿಯವರಿಗೆ ಕಷ್ಟವಾಗುವುದು ಇದೇ. ಎರಡು ಗಾಡಿಯ ನಡುವೆ ಜಾಗ ಕಂಡರೆ ಅಲ್ಲಿ ಮೂರನೆಯದನ್ನು ತೂರಿಸದೆ ನಿದ್ದೆ ಬರುವುದಿಲ್ಲವಲ್ಲ!

ಚೈನಿಗಿಂತ ಮೊದಲು ಟಯರು ನೋಡಬೇಡವೇ? ಟಯರಿನ ಗೀರುಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ಉಬ್ಬು ಇರುತ್ತದೆ. ಟಯರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಅದರ ಆಯುಸ್ಸು ಮುಗಿಯಿತು ಅಂತ ಲೆಕ್ಕ. ಆಸ್ಟ್ರಿಯಾದಂತಹ ಹಿಮದ ದೇಶದಲ್ಲಿ ಚಳಿಗಾಲದ ಟಯರಿಗೆ 4 ಮಿ.ಮೀ. ಇರಲೇಬೇಕು. ನಮ್ಮ ಬಿಸಿಲಿಗೆ ಮಾಡಿದ ಟಯರಿನ ರಬ್ಬರು ಚಳಿಯಲ್ಲಿ ಗಡುಸಾಗಿ ಇನ್ನೂ ಜಾರುತ್ತದೆ. ಇಲ್ಲಿ ಸರಕು ಹೊರುವ ಎಷ್ಟು ಪಿಕಪ್ಪುಗಳ ಹಿಂದಿನ ಟಯರು ಬೋಳು ತಲೆಯ ಹಾಗೆ ಹೊಳೆಯುತ್ತಿರುತ್ತದೆ ಅಂತ ಸಿಗ್ನಲ್ಲಿನಲ್ಲಿ ಬಗ್ಗಿ ನೋಡಿ. ಆ ಟಯರಿನಲ್ಲೇ ಮಳೆಗಾಲದ ಕಸಾರಾ ಘಾಟಿ ಏರುತ್ತಾರೆ, ಅದರಲ್ಲೇ ಊರಿಗೂ ಹೋಗುತ್ತಾರೆ. ಚೈನಿಗೆ ಕೊಟ್ಟ ದುಡ್ಡನ್ನು ನಾನು ಟಯರಿಗೆ ಸೇರಿಸಿ ಕೊಟ್ಟಿದ್ದರೆ ವರ್ಷದ ಹನ್ನೆರಡು ತಿಂಗಳೂ ಆ ಮಗುವಿಗೆ ಉಪಯೋಗವಾಗುತ್ತಿತ್ತು. ಹಾಗೇ ರೇಡಿಯೇಟರ್ ಕೂಡ. ಇಲ್ಲಿ ಬಾಟಲಿ ನೀರು ಸುರಿದು ಓಡಿಸಿದರೆ ನಡೆಯುತ್ತದೆ, ಅಲ್ಲಿ ರಾತ್ರಿ ಆ ನೀರು ಗಟ್ಟಿಯಾದರೆ ಎಂಜಿನ್ನೇ ಸೀಳಬಹುದು. ಡೀಸೆಲ್ ಕೂಡ ಚಳಿಗೆ ಮಂದವಾಗುತ್ತದೆ. ಇಂಡಿಯನ್ ಆಯಿಲಿನವರು 2019ರಲ್ಲಿ ಲಡಾಖಿಗೆಂದು ಮೈನಸ್ 33 ಡಿಗ್ರಿಯವರೆಗೆ ಹರಿಯುವ ಡೀಸೆಲ್ಲನ್ನೇ ಬೇರೆ ತಂದರು.

"ಹಾಗಾದರೆ ಹೋಗುವುದೇ ಬೇಡವಾ ಮಾವಾ?" ಅಂತ ಇವನು ಕೇಳಿದ. ಹೋಗು ಮಾರಾಯ, ಯಾರು ಬೇಡ ಅಂದರು. ಎರಡು ಸಾವಿರ ಕಿಲೋಮೀಟರಿನಲ್ಲಿ ಹಿಮದ ರಸ್ತೆ ಇರುವುದು ಕೊನೆಯ ಹತ್ತಿಪ್ಪತ್ತು ಕಿಲೋಮೀಟರ್. ಅಷ್ಟಕ್ಕೆ ಅಲ್ಲಿಯ ಟ್ಯಾಕ್ಸಿ ಹಿಡಿ. ಆ ಆಲ್ಟೋದವನ ಡಿಕ್ಕಿಯಲ್ಲಿ ಇದ್ದದ್ದು ತುಕ್ಕು ಹಿಡಿದ ಹಳೇ ಕಬ್ಬಿಣದ ಚೈನಂತೆ, ಗೋಣಿಚೀಲದಲ್ಲಿ ಸುತ್ತಿಟ್ಟದ್ದು. ಕೇಳಿದ ಕೂಡಲೇ ನನಗೆ ಜೀಪಿನಣ್ಣನ ನೆನಪಾಯಿತು. ಇವರಿಗೆ ಚೈನು ಕಟ್ಟುವುದು ಗೊತ್ತು ಅನ್ನುವುದಕ್ಕಿಂತ, ಇವತ್ತು ಗಾಡಿ ತೆಗೆಯಬಾರದು ಅನ್ನುವುದು ಗೊತ್ತು. ಆಷಾಢದಲ್ಲಿ ಮಳೆ ಹಿಡಿದರೆ ಜೀಪಿನಣ್ಣ ದುಪ್ಪಟ್ಟು ಬಾಡಿಗೆ ಕೊಡುತ್ತೇನೆಂದರೂ ಬರುತ್ತಿರಲಿಲ್ಲ, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನಮಗೆ ರಜೆ ಮುಗಿಯುತ್ತದೆ, ಹೋಟೆಲ್ ಬುಕ್ ಆಗಿದೆ, ಆದ್ದರಿಂದ ಬೆಟ್ಟವೇ ನಮಗೆ ಹೊಂದಿಕೊಳ್ಳಬೇಕು ಅಂತ ಹೊರಡುತ್ತೇವೆ.

ಈಗ ಇವನು ಹಟ ಬಿಟ್ಟಿಲ್ಲ, ಆದರೆ ಕ್ರಮ ಬದಲಾಗಿದೆ. ದಪ್ಪ ಟಯರು ಹೋಗಿ ಕಂಪನಿಯ ಅಳತೆಯ ಹೊಸ ಟಯರು ಬಂದಿದೆ. ಮನಾಲಿಗೆ ಹೋಗಿದ್ದ ಗೆಳೆಯನೊಬ್ಬನ ಕೈಲಿ, ನಂಬರ್ ಬರೆದುಕೊಟ್ಟು, ಬಲೆಯ ಮಾದರಿಯ ಕಬ್ಬಿಣದ ಚೈನು ತರಿಸಿದ್ದಾನೆ. ನಮ್ಮ ಕಡಲ ಗಾಳಿಗೆ ಅದು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದೀತು ಅಂತ ತೊಳೆದು ಒರೆಸಿ ಎಣ್ಣೆ ಸವರಿ ಇಡಲು ಹೇಳಿದ್ದೇನೆ. ಮೊನ್ನೆ ಭಾನುವಾರ ಅವರ ಕಾಂಪೌಂಡಿನಲ್ಲಿ ಕಟ್ಟಿಸಿದೆ. ಮೊದಲ ಸಲ ಐವತ್ತು ನಿಮಿಷ, ಒಳಗಿನ ಕೊಕ್ಕೆ ಉಲ್ಟಾ. ಎರಡನೆಯದು ಅರ್ಧ ಗಂಟೆ. ಮೂರನೆಯದಕ್ಕೆ ವಾಚ್‌ಮನ್ ಬಂದು, ಸೆಕ್ರೆಟರಿ ಸಾಹೇಬರು ಸದ್ದಿಗೆ ಬೈಯುತ್ತಿದ್ದಾರೆ, ಟೈಲ್ಸ್ ಒಡೆದರೆ ದಂಡ ಅಂತಿದ್ದಾರೆ ಅಂದ. ಮುಂದಿನ ಭಾನುವಾರ ಡೊಂಬಿವಲಿಗೆ ಬಾ ಅಂದಿದ್ದೇನೆ, ನಮ್ಮಲ್ಲಿ ಕಾಂಪೌಂಡಿಗೆ ಟೈಲ್ಸ್ ಇಲ್ಲ.